ಹಿಮದ ಹಲಗೆಯೂ ಪ್ರಾಯೋಜಕರ ಹಣವೂ

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ನೀಳವಾದ ಹಲಗೆಗೆ ಸ್ಕೀ ಎಂದು ಹೆಸರು. ಅದರ ಮುಂತುದಿ ಮೇಲಕ್ಕೆ ಬಾಗಿರುವುದನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ಹಿಂತುದಿಯೂ ಹಾಗೆಯೇ ಬಾಗಿದ್ದರೆ?

1990ರ ದಶಕದಲ್ಲಿ ಕೆನಡಾದ ಮೈಕ್ ಡಗ್ಲಸ್, ಜೆ. ಪಿ. ಓಕ್ಲೇರ್ ಮೊದಲಾದ ತರುಣರು ಗಾಳಿಯಲ್ಲಿ ಹಾರಿ, ಗಿರ್ರನೆ ತಿರುಗಿ, ಬೆನ್ನು ಮುಂದಾಗಿ ಇಳಿಯುವ ಸಾಹಸಕ್ಕೆ ತೊಡಗಿದರು. ಇದೇ ಫ್ರೀಸ್ಕೀಯಿಂಗ್. ಹಾಗೆ ಇಳಿಯುವಾಗ ಚಪ್ಪಟೆಯಾದ ಹಿಂತುದಿ ಹಿಮದಲ್ಲಿ ನಾಟಿಕೊಳ್ಳುವುದು. ಬಾಗಿದ ತುದಿಯಾದರೆ ಹಿಮದ ಮೇಲೆಯೇ ತೇಲಿ ಸಾಗುವುದು. ಇಂಥ ಸ್ಕೀಯ ಕಲ್ಪನೆಯನ್ನು ಹೊತ್ತು ಅವರು ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಫ್ರಾನ್ಸಿನ ಸಾಲೊಮನ್ ಒಪ್ಪಿತು. 1998ರಲ್ಲಿ 'ಟೆನ್‌ಎಯ್ಟಿ' ಹೊರಬಂದಿತು. 1080 ಡಿಗ್ರಿ ಎಂದರೆ ಪೂರ್ಣ ಮೂರು ಸುತ್ತು.

ಇಲ್ಲಿ ಪ್ರಾಯೋಜಕತ್ವವೆಂದರೆ ಅಂಗಿಯ ಮೇಲೆ ಕಂಪನಿಯ ಹೆಸರನ್ನು ಧರಿಸುವುದಷ್ಟೇ ಆಗಿರಲಿಲ್ಲ. ಬಿದ್ದೆದ್ದವರ ಅನುಭವವೇ ವಸ್ತುವಿನ ಆಕಾರವಾಯಿತು. ನಂಬಿಕೆ ಹುಟ್ಟಿದುದೂ ಅದರಿಂದಲೇ. ಆದರೆ ಕಂಪನಿಯ ಒಡೆತನ ಆಟಗಾರರದಲ್ಲವಷ್ಟೆ. 2002ರಲ್ಲಿ ಓಕ್ಲೇರ್, ಟ್ಯಾನರ್ ಹಾಲ್ ಮೊದಲಾದವರು ಕೂಡಿ ತಮ್ಮದೇ ಆದ 'ಅರ್ಮಾಡಾ' ಎಂಬ ಸ್ಕೀ ಕಂಪನಿಯನ್ನು ಸ್ಥಾಪಿಸಿದರು.

ವಿಧಿಯ ವಿನೋದವನ್ನು ನೋಡಿ! ಫಿನ್ಲೆಂಡಿನ ಆಮರ್ ಸ್ಪೋರ್ಟ್ಸ್ 2005ರಲ್ಲಿ ಸಾಲೊಮನ್ನನ್ನು ಕೊಂಡಿತು. 2017ರಲ್ಲಿ ಅರ್ಮಾಡಾವನ್ನೂ ಕೊಂಡಿತು. ಬಿಟ್ಟುಬಂದ ಮನೆಯೂ ಕಟ್ಟಿಕೊಂಡ ಮನೆಯೂ ಒಬ್ಬನೇ ಯಜಮಾನನ ವಶವಾದವು. 2014ರಲ್ಲಿ ಆಂಡೀಸ್ ಪರ್ವತದ ಹಿಮಕುಸಿತಕ್ಕೆ ಬಲಿಯಾದ ಓಕ್ಲೇರ್ ಇದನ್ನು ಕಾಣಲಿಲ್ಲ.

ಹಾಗಾದರೆ ಮುದ್ರೆಯ ಸಾಚಾತನ ಎಲ್ಲಿದೆ? ಒಡೆಯನ ಹೆಸರಿನಲ್ಲಿ ಅದನ್ನು ಹುಡುಕಿ ಫಲವಿಲ್ಲ. ಆಟ ಬಲ್ಲವರ ಮಾತಿಗೆ ಕಾರ್ಖಾನೆ ಕಿವಿಗೊಡುವವರೆಗೆ ಅದು ಉಳಿಯುವುದು. ಮುದ್ರೆಯನ್ನು ಮಾರಬಹುದು; ಬಿದ್ದು ಕಲಿತ ಪಾಠವನ್ನು ಮಾರಲಾಗದು.