ಮಟ್ಟಿಗಿಳಿಯುವ ಮುನ್ನ: ದುರ್ಗದ ಸೀಮೆಯ ಗರಡಿ ಪಾಠ

ಚಿತ್ರದುರ್ಗದ ಬೆಟ್ಟದ ಮೇಲೆ ಮೊಟ್ಟಮೊದಲ ಕುಸ್ತಿ ಆಡಿದವರು ಭೀಮ ಮತ್ತು ಹಿಡಿಂಬ ಎಂಬುದು ಊರಿನವರ ನಂಬಿಕೆ. ಬೆಟ್ಟದ ತುಂಬ ಬಿದ್ದಿರುವ ಭಾರಿ ಬಂಡೆಗಳು ಅವರಿಬ್ಬರೂ ಒಬ್ಬರ ಮೇಲೊಬ್ಬರು ಎಸೆದಾಡಿದವಂತೆ. ಕೋಟೆಯೊಳಗಿನ ಹಿಡಿಂಬೇಶ್ವರ ಗುಡಿಯಲ್ಲಿ ರಾಕ್ಷಸನ ಹಲ್ಲು ಎಂದು ಒಂದು ವಸ್ತುವನ್ನು ಈಗಲೂ ತೋರಿಸುತ್ತಾರೆ. ಗೆದ್ದವನನ್ನು ಬಿಟ್ಟು ಸೋತವನ ಹೆಸರಿಗೆ ಗುಡಿ ಕಟ್ಟಿದ ಅಖಾಡ ನಾಡಿನಲ್ಲಿ ಇದೊಂದೇ ಇರಬೇಕು!

ಅದೇ ಕೋಟೆಯೊಳಗೆ ಗರಡಿಮನೆಯೂ ಇದೆ. ಏಳು ಸುತ್ತಿನ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿ, ಅಕ್ಕ-ತಂಗಿ ಹೊಂಡ, ಮದ್ದು ಬೀಸುವ ಕಲ್ಲು ಎಂದು ಓಡಾಡುವ ಭರದಲ್ಲಿ ಅದರ ಮುಂದೆ ನಿಲ್ಲುವುದು ಕಡಿಮೆ. ಆದರೆ ಕೋಟೆಯ ಗೋಡೆಗಳಷ್ಟೇ ಮುಖ್ಯವಾಗಿದ್ದ ಜಾಗವದು. ಗೋಡೆ ಕಾಯುವವರು ತಯಾರಾಗುತ್ತಿದ್ದದ್ದು ಇಂಥ ಮನೆಗಳಲ್ಲಿ.

ದುರ್ಗದ ನಾಯಕರು ಬೆಳೆದದ್ದು ವಿಜಯನಗರದ ಪಾಳೆಯಗಾರರಾಗಿ. ವಿಜಯನಗರದ ಅರಮನೆಯಲ್ಲಿ ದೊರೆಯೇ ದೊಡ್ಡ ಪೈಲ್ವಾನ. 1520ರ ಸುಮಾರಿಗೆ ಹಂಪಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಂತೆ, ಕೃಷ್ಣದೇವರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತಿಕ್ಕಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿಗೆ ಇಳಿಯುತ್ತಿದ್ದ. ಅದಕ್ಕೂ ನಾನೂರು ವರ್ಷ ಹಿಂದೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವನ್ನೇ ಇಟ್ಟು, ಮಲ್ಲರನ್ನು ದರ್ಜೆವಾರು ವಿಂಗಡಿಸಿ, ಅವರ ಊಟ, ಸಾಧನೆಗಳನ್ನು ಬರೆದಿದ್ದಾನೆ. ಇಂದಿನ ಕೋಚ್‌ಗಳು ಗೋಡೆಗೆ ಅಂಟಿಸುವ ಡಯೆಟ್ ಚಾರ್ಟು ನಮಗೆ ಹೊಸದಲ್ಲ.

1779ರಲ್ಲಿ ಮೈಸೂರಿನ ಹೈದರ್ ಅಲಿ ದುರ್ಗ ಗೆದ್ದ, ಇಲ್ಲಿನ ದೊರೆ ಮದಕರಿ ನಾಯಕ ಸೆರೆಯಾದ. ಆಮೇಲೆ ನಡೆದದ್ದನ್ನು ಬ್ರಿಟಿಷ್ ಅಧಿಕಾರಿ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ: ಇಲ್ಲಿನ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ತಕ್ಕ ವಯಸ್ಸಿನ ಹುಡುಗರನ್ನೆಲ್ಲ ಚೇಲಾ ಎಂಬ ಪಡೆಗಳಿಗೆ ಸೇರಿಸಲಾಯಿತು. ಯುದ್ಧ ಕಲಿಯುವ ಹುಡುಗರು ಎಷ್ಟು ಬೆಲೆಬಾಳುವವರೆಂದು ಗೆದ್ದವನಿಗೂ ಗೊತ್ತಿತ್ತು.

ಅರಮನೆ ಹೋಯಿತು, ಗರಡಿ ಉಳಿಯಿತು. ಸಾಕುವ ದೊರೆ ಇಲ್ಲವಾದಾಗ ಪೇಟೆಯ ಓಣಿಗಳು, ಹಳ್ಳಿಯ ದೈವಸ್ಥರು, ಜಾತ್ರೆ ಕಮಿಟಿಗಳು ಅದನ್ನು ಹೊತ್ತುಕೊಂಡವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಗರಡಿಯೆಂದರೆ ಇವತ್ತಿಗೂ ಊರಿನ ಆಸ್ತಿ. ತಿಂಗಳ ಫೀಜು ಎಂಬ ಮಾತು ಅಲ್ಲಿ ಹುಟ್ಟಿಲ್ಲ. ಸೇರುವ ಹುಡುಗ ವೀಳ್ಯದೆಲೆ, ತೆಂಗಿನಕಾಯಿ, ಕೈಲಾದ ದಕ್ಷಿಣೆ ಇಟ್ಟು ಗರಡಿಯ ಗುರುವಾದ ವಸ್ತಾದರ ಕಾಲಿಗೆ ಬಿದ್ದರೆ ಅಡ್ಮಿಷನ್ ಮುಗಿಯಿತು.

ಹಳೆಯ ಗರಡಿಯ ಬಾಗಿಲು ಗಿಡ್ಡ. ಎಂಥ ಎತ್ತರದ ಆಳಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಗಾಳಿ ಬೆಳಕು ಕಡಿಮೆ, ಗೋಡೆಯಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲುಗುಂಡು, ಸಾಲಾಗಿ ನಿಲ್ಲಿಸಿದ, ಬೀಸಿ ತಿರುಗಿಸುವ ಮರದ ಕರ್ಲಾಕಟ್ಟೆಗಳು. ನಡುವೆ ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಳ್ಳೆಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ, ಕರ್ಪೂರ, ಕುಂಕುಮ ಬೆರೆಸಿ ಹದ ಮಾಡಿರುತ್ತಾರೆ. ಹಬ್ಬದ ದಿನ ತುಪ್ಪವೂ ಬೀಳುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಒಣಗಿದರೆ ಧೂಳೆದ್ದು ಉಸಿರು ಕಟ್ಟುತ್ತದೆ, ಹಸಿಯಾದರೆ ಕಾಲು ಜಾರಿ ಮಂಡಿ ತಿರುಚುತ್ತದೆ.

ಹೊಸ ವಿದ್ಯಾರ್ಥಿಯ ಕೈಗೆ ಮೊದಲು ಸಿಗುವುದು ಗುದ್ದಲಿ. ನಸುಕಿನಲ್ಲಿ ಬಂದು ಕಸ ಗುಡಿಸಿ, ನಿನ್ನೆ ತುಳಿದು ಗಟ್ಟಿಯಾದ ಮಟ್ಟಿಯನ್ನು ಅಗೆದು, ಹೆಂಟೆ ಒಡೆದು, ಸಮ ಮಾಡಬೇಕು. ಕುಸ್ತಿ ಕಲಿಯಲು ಬಂದವನಿಗೆ ಇದು ಕೂಲಿ ಕೆಲಸದಂತೆ ಕಾಣುತ್ತದೆ; ಎಷ್ಟೋ ಹುಡುಗರು ಇಲ್ಲಿಂದಲೇ ವಾಪಸ್ಸು. ನಿಂತವರಿಗೆ ಕೆಲವು ವಾರಗಳಲ್ಲಿ ತಿಳಿಯುತ್ತದೆ: ಸೊಂಟ, ಬೆನ್ನು, ಹಿಡಿತ ಮೂರನ್ನೂ ಒಟ್ಟಿಗೆ ಕಟ್ಟುವ ಸಾಮು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆಮೇಲೆ ದಂಡೆ, ಬಸ್ಕಿ. ಲೆಕ್ಕ ಹತ್ತರಿಂದ ಶುರುವಾಗಿ ನೂರು ದಾಟುತ್ತದೆ. ಅದರ ಹಿಂದೆಯೇ ಕರ್ಲಾ. ನೋಡುವವರಿಗೆ ಇದು ತೋಳಿನ ಬಲದ ಆಟ. ವಸ್ತಾದರು ಮೊದಲು ಮುರಿಯುವುದು ಈ ಭ್ರಮೆಯನ್ನೇ. ಹುಡುಗ ಕಟ್ಟೆಯನ್ನು ಎದೆಯ ಮುಂದೆ ನೆಟ್ಟಗೆ ಹಿಡಿಯುತ್ತಾನೆ, ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಬಿಡುತ್ತಾನೆ, ಮೊಣಕೈ ಕಿವಿಯ ಪಕ್ಕಕ್ಕೆ ಬರುತ್ತದೆ, ಅಲ್ಲಿಂದ ಸುತ್ತಿಸಿ ಮುಂದಕ್ಕೆ ತರಬೇಕು. ಬಲ ಹಾಕಿ ಎಳೆದರೆ ಕಟ್ಟೆ ಬೆನ್ನೆಲುಬಿಗೆ ಬಡಿಯುತ್ತದೆ. "ಲೇ ತಮ್ಮಾ, ಎಳೀಬೇಡ. ಅದನ್ನ ಬೀಳಾಕ ಬಿಡು, ಬಿದ್ದಲ್ಲಿಂದ ನೀ ತಿರುಗಿಸ್ಕೊ" ಎನ್ನುತ್ತಾರೆ ವಸ್ತಾದರು. "ಹೂಂ ವಸ್ತಾದ್ರೇ" ಎಂದು ಮತ್ತೆ ಬಡಿಸಿಕೊಳ್ಳುತ್ತಾನೆ ಹುಡುಗ. ಭಾರ ತಾನಾಗಿ ಇಳಿಯುವ ದಾರಿ ಭುಜಕ್ಕೆ ತಿಳಿದ ದಿನ ಕಟ್ಟೆ ಹಗುರಾಗುತ್ತದೆ. ಮುಂದೆ ಎದುರಾಳಿಯನ್ನು ಹೆಗಲ ಮೇಲೆ ಎತ್ತಿ ಒಗೆಯುವ ಧೋಬಿ ಪಟ್ಟಿಗೆ ಬೇಕಾದದ್ದು ಇದೇ ತಿರುವು.

ನಮ್ಮ ಕರ್ಲಾದ ದಾಯಾದಿಗಳನ್ನು ಬ್ರಿಟಿಷ್ ಸೈನಿಕರು 19ನೇ ಶತಮಾನದಲ್ಲಿ ಹೊತ್ತೊಯ್ದು ಯುರೋಪಿನಲ್ಲೆಲ್ಲ ಹಬ್ಬಿಸಿದರು. 1904 ಮತ್ತು 1932ರ ಒಲಿಂಪಿಕ್ಸಿನಲ್ಲಿ ಇವನ್ನು ತಿರುಗಿಸುವುದು ಜಿಮ್ನಾಸ್ಟಿಕ್ಸಿನ ಒಂದು ಸ್ಪರ್ಧೆಯಾಗಿಯೇ ಇತ್ತು. ಇರಾನಿನಲ್ಲಿ ಜೂರ್‌ಖಾನೆ ಎಂಬ ಗರಡಿಗಳಲ್ಲಿ ಇಂಥದೇ ಕಟ್ಟೆ ತಿರುಗಿಸುತ್ತಾರೆ; ಯುನೆಸ್ಕೊ 2010ರಲ್ಲಿ ಆ ಗರಡಿ ಪದ್ಧತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕಡೆ ಎಷ್ಟೋ ಕಟ್ಟೆಗಳು ಗೆದ್ದಲಿಗೆ ಆಹಾರವಾದವು.

ಪಟ್ಟು ಕಲಿಸುವ ಮುಂಚೆ ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಅಂಟಿರಬೇಕು, ಅಂಗೈ ಊರಬಾರದು, ಬಿದ್ದ ಪೆಟ್ಟು ಭುಜದಿಂದ ಬೆನ್ನಿಗೆ ಉರುಳಿ ಹೋಗಬೇಕು. ಕೈ ಊರಿ ಬಿದ್ದವನ ಮಣಿಕಟ್ಟು ಆಸ್ಪತ್ರೆಗೆ. ನಂತರ ಕುತ್ತಿಗೆ: ನೆತ್ತಿಯನ್ನು ಮಣ್ಣಿಗೆ ಊರಿ ಮೈಯನ್ನು ಸೇತುವೆ ಮಾಡಿ ನಿಲ್ಲುವುದು. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿದಂತೆ, ಆದ್ದರಿಂದ ಸೋಲಿಗೂ ಗೆಲುವಿಗೂ ನಡುವೆ ಉಳಿದಿರುವುದು ಆ ಕುತ್ತಿಗೆ ಒಂದೇ. ಇವೆಲ್ಲ ಆದ ಮೇಲೆ ಏಕಲಂಗಿ, ಕಲಾಜಂಗ್, ಧೋಬಿ ಎಂಬ ಪಟ್ಟುಗಳು ಒಂದೊಂದಾಗಿ ಬರುತ್ತವೆ. ದೊಡ್ಡ ಪೈಲ್ವಾನರು ಚಿಕ್ಕವರ ಜೊತೆ ಜೋರು, ಅಂದರೆ ಅಭ್ಯಾಸದ ಕುಸ್ತಿ, ಮಾಡುವಾಗ ಬೇಕೆಂದೇ ಒಂದೆರಡು ಸಲ ಬಿದ್ದುಕೊಡುತ್ತಾರೆ. ಪಟ್ಟು ಪೂರ್ತಿ ಆದಾಗ ಮೈಗೆ ಹೇಗನಿಸುತ್ತದೆ ಎಂಬುದು ಚಿಕ್ಕವನಿಗೆ ಗೊತ್ತಾಗುವುದು ಹಾಗೆ.

ಪೈಲ್ವಾನನ ಗುರುತು ಎದೆಯಲ್ಲಿಲ್ಲ, ಕಿವಿಯಲ್ಲಿದೆ. ಎದುರಾಳಿಯ ತಲೆಗೆ ಉಜ್ಜಿ ಉಜ್ಜಿ ಕಿವಿಯೊಳಗೆ ರಕ್ತ ಕಟ್ಟಿ, ಅದು ಗಟ್ಟಿಯಾಗಿ ಮುದುಡಿಕೊಳ್ಳುತ್ತದೆ. ಹುಡುಗರು ಇದನ್ನು ಪದಕದಂತೆ ತೋರಿಸುತ್ತಾರೆ. ಊದಿಕೊಂಡ ಕೂಡಲೇ ಡಾಕ್ಟರ ಹತ್ತಿರ ಹೋದರೆ ರಕ್ತ ತೆಗೆಸಿಕೊಳ್ಳಬಹುದು. ಇನ್ನೊಂದು ಮಾತು: ಅರಿಸಿನ ಹಾಕಿದ ಮಣ್ಣು ಎಲ್ಲ ರೋಗವನ್ನೂ ಕೊಲ್ಲುತ್ತದೆ ಎಂದು ಹಿರಿಯರು ಹೇಳುವುದುಂಟು. ಒಬ್ಬನಿಗೆ ಗಜಕರ್ಣ ಬಂದರೆ ಇಡೀ ಗರಡಿಗೆ ಹಬ್ಬುವುದನ್ನು ಕಂಡವರು ಆ ಮಾತನ್ನು ಪೂರ್ತಿ ನಂಬಲಾರರು. ಮಟ್ಟಿಯಿಂದ ಎದ್ದವನು ಸೋಪು ಹಾಕಿ ಸ್ನಾನ ಮಾಡಲೇಬೇಕು.

ಊಟದ ವಿಷಯದಲ್ಲಿ ಬಾದಾಮಿ, ಹಾಲು, ತುಪ್ಪ ಎಂಬ ಹಳೇ ಮಂತ್ರ ಬಡವರ ಮಕ್ಕಳಿಗೆ ಎಟುಕದು. ದುರ್ಗದ ಹುಡುಗನಿಗೆ ಚಳ್ಳಕೆರೆಯ ಶೇಂಗಾವೇ ಬಾದಾಮಿ. ನೆನೆಸಿದ ಕಡಲೆ, ರಾಗಿಮುದ್ದೆ, ಮೊಟ್ಟೆ ಇದ್ದರೆ ಮೈ ನಿಲ್ಲುತ್ತದೆ. ಡಬ್ಬದ ಪೌಡರಿಗೆ ಸಾಲ ಮಾಡಬೇಕಾಗಿಲ್ಲ.

ಪರೀಕ್ಷೆ ನಡೆಯುವುದು ಜಾತ್ರೆಯಲ್ಲಿ. ತೇರು ಎಳೆದಾದ ಮೇಲೆ ಬಯಲಿನಲ್ಲಿ ಅಖಾಡ ಹದವಾಗುತ್ತದೆ, ತಮಟೆ ಶುರುವಾಗುತ್ತದೆ, ಹಿರಿಯರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಾರೆ. ಚಿಕ್ಕವರಿಗೆ ಗೆದ್ದರೆ ತೆಂಗಿನಕಾಯಿ, ದೊಡ್ಡವರಿಗೆ ದುಡ್ಡು, ಕೊನೆಯ ಜೋಡಿಗೆ ಬೆಳ್ಳಿ ಗದೆ. ಚಿತ್ರದುರ್ಗದ ಮುರುಘಾಮಠದ ಶರಣ ಸಂಸ್ಕೃತಿ ಉತ್ಸವದಲ್ಲೂ ಜಂಗೀ ಕುಸ್ತಿ ಇರುತ್ತದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಸುತ್ತಲ ಜಿಲ್ಲೆಗಳ ಪೈಲ್ವಾನರು ಸೇರುತ್ತಾರೆ.

ಆದರೆ ಜಾತ್ರೆಯ ಗದೆ ಸರ್ಕಾರಿ ನೌಕರಿ ಕೊಡುವುದಿಲ್ಲ. ಕ್ರೀಡಾ ಕೋಟಾ, ಪೊಲೀಸ್, ರೈಲ್ವೆ, ಸೈನ್ಯ ಎಲ್ಲ ಕೇಳುವುದು ಮ್ಯಾಟ್ ಮೇಲಿನ ಪದಕವನ್ನು. ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟಿನ ಲೆಕ್ಕ, ಕಾಲಿಗೆ ಬೂಟು. ಮಣ್ಣಿನಲ್ಲಿ ಅರ್ಧ ತಾಸು ತಾಳ್ಮೆಯಿಂದ ಕಾದು ಒಂದು ಪಟ್ಟು ಹಾಕುವವನು ಮ್ಯಾಟ್ ಮೇಲೆ ಕಣ್ಣು ಬಿಡುವುದರೊಳಗೆ ಪಾಯಿಂಟು ಕಳೆದುಕೊಂಡಿರುತ್ತಾನೆ. ಸಾತಾರಾ ಜಿಲ್ಲೆಯ ಖಾಶಾಬಾ ಜಾಧವ್ ಕೂಡ ಮಣ್ಣಿನಲ್ಲಿ ಬೆಳೆದವರೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ರೂಢಿಯಿಲ್ಲದ ಮ್ಯಾಟ್ ಮೇಲೆ ಆಡಿ ಆರನೆಯವರಾದರು, 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮಣ್ಣು ಅಡಿಪಾಯ ಹಾಕುತ್ತದೆ, ಮ್ಯಾಟ್ ಬೇರೆಯಾಗಿ ಕಲಿಯಬೇಕು. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯ ಹುಡುಗನಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ದಾವಣಗೆರೆ ದೂರವಲ್ಲ, ಅಲ್ಲಿ ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯವಿದೆ.

ಹುಡುಗನ ಮಾತಾಯಿತು, ಹುಡುಗಿ? ಇಲ್ಲಿಗೆ ಬಂದಾಗ ದುರ್ಗದ ಗರಡಿ ಪರಂಪರೆ ಉತ್ತರ ಕೊಡಲು ತಡವರಿಸುತ್ತದೆ. ಹೆಣ್ಣುಮಕ್ಕಳು ಮಟ್ಟಿ ತುಳಿಯಬಾರದೆಂಬುದು ಹಳೆಯ ಕಟ್ಟಳೆ. ಆದರೆ ಈ ಊರಿನ ಹೆಸರನ್ನು ನಾಡಿಗೆಲ್ಲ ಕೊಂಡೊಯ್ದ ಕಾದಾಟ ಹೆಂಗಸಿನದು. ಕೋಟೆಯ ಕಾವಲುಗಾರನಾದ ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದಳು ಎಂಬ ಕಥೆಯನ್ನು ಇಲ್ಲಿ ಮಕ್ಕಳೂ ಹೇಳುತ್ತಾರೆ. ಮಿಕ್ಕ ಕನ್ನಡಿಗರಿಗೆ 1972ರ 'ನಾಗರಹಾವು' ಸಿನಿಮಾ ತೋರಿಸಿತು. ಅವಳಿಗೆ ಯಾವ ವಸ್ತಾದರೂ ಪಟ್ಟು ಕಲಿಸಿರಲಿಲ್ಲ ಎಂದು ಭಾಷಣಗಳಲ್ಲಿ ಹೇಳುವುದುಂಟು. ನನಗೆ ಹಾಗನಿಸುವುದಿಲ್ಲ. ದಿನಾ ನವಣೆ, ರಾಗಿ ಕುಟ್ಟುವವಳ ಭುಜಕ್ಕೆ ಭಾರ ಎತ್ತಿ ಬೀಳಬಿಡುವ ವಿದ್ಯೆ ಬಂದೇ ಇರುತ್ತದೆ. ಗರಡಿಯಲ್ಲಿ ಕರ್ಲಾ ಕಲಿಸುವುದೂ ಅದನ್ನೇ.

2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ವಸತಿ ಶಾಲೆ, ಹಾಸ್ಟೆಲ್ಲುಗಳ ಹುಡುಗಿಯರಿಗೆ ಅವಳ ಹೆಸರಿನಲ್ಲೇ ಆತ್ಮರಕ್ಷಣೆಯ ತರಬೇತಿ ಶುರುವಾಯಿತು. ಅಲ್ಲಿ ಕಲಿಸುವುದು ಬಹುಪಾಲು ಕರಾಟೆ. ಕರಾಟೆ ಒಳ್ಳೆಯದೇ. ಆದರೆ ಓಬವ್ವನ ಊರಿನ ಹುಡುಗಿ ಜಪಾನಿನ ವಿದ್ಯೆ ಕಲಿತು, ಪಕ್ಕದ ಓಣಿಯ ಗರಡಿಗೆ ಕಾಲಿಡದೆ ಹೋಗುವುದು ಏನು ನ್ಯಾಯ? ಹಳಿಯಾಳ, ಗದಗಿನ ಹುಡುಗಿಯರು ಈಗಾಗಲೇ ರಾಷ್ಟ್ರಮಟ್ಟದಲ್ಲಿ ಆಡುತ್ತಿದ್ದಾರೆ. ಮೈಸೂರು ದಸರಾದಲ್ಲಿ ಹೆಣ್ಣುಮಕ್ಕಳಿಗೆಂದೇ 'ದಸರಾ ಕಿಶೋರಿ' ಪ್ರಶಸ್ತಿ ಇದೆ.

ಗರಡಿ ಕಮಿಟಿಗಳ ಹಿರಿಯರಲ್ಲಿ ಒಂದು ಕೋರಿಕೆ. ಸಂಜೆ ಒಂದು ಹೊತ್ತು ಹುಡುಗಿಯರಿಗೆಂದು ಬಾಗಿಲು ತೆರೆಯಿರಿ. ಮಟ್ಟಿಯ ಕಟ್ಟಳೆ ಮುರಿಯಲು ಮನಸ್ಸೊಪ್ಪದಿದ್ದರೆ ಅಂಗಳದಲ್ಲಿ ಒಂದು ಮ್ಯಾಟ್ ಹಾಸಿ, ಕರ್ಲಾ ಕೈಗೆ ಕೊಡಿ. ತಂದೆತಾಯಂದಿರಿಗೂ ಒಂದು ಮಾತು: ಮಗುವಿಗೆ ಹತ್ತು-ಹನ್ನೆರಡು ವರ್ಷ ತುಂಬಿದ್ದರೆ, ಮೂಳೆ, ಹೃದಯ ಸರಿಯಿದೆಯೆಂದು ಡಾಕ್ಟರು ಹೇಳಿದರೆ, ಒಂದು ನಸುಕಿನಲ್ಲಿ ಹತ್ತಿರದ ಗರಡಿಗೆ ಕರೆದುಕೊಂಡು ಹೋಗಿ. ತೆಂಗಿನಕಾಯಿ, ವೀಳ್ಯದೆಲೆ ಮರೆಯಬೇಡಿ.