ಮುನ್ಸೂಚಕವೋ, ಪೂರ್ವಗಾಮಿಯೋ?

ಶಿಕಾರಿಪುರದಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಕಾರ್ಯಾಗಾರವೊಂದು ಮುಗಿಯುವ ಹೊತ್ತಿಗೆ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: "ಸರ್, ಪ್ರಿಕರ್ಸರ್ ಎಂಬ ಪದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ಒಂದು ಕಡೆ ಪೂರ್ವಗಾಮಿ ಎಂದಿದೆ, ಇನ್ನೊಂದು ಕಡೆ ಮುನ್ಸೂಚಕ ಎಂದಿದೆ." ನಾನು ಅವಸರದಲ್ಲಿ "ಎರಡೂ ಒಂದೇ, ಯಾವುದನ್ನಾದರೂ ಬಳಸಿ" ಎಂದುಬಿಟ್ಟೆ. ಶಿರಾಳಕೊಪ್ಪದ ಮೇಲೆ ಸೊರಬದ ಕಡೆಗೆ ಹೋಗುವಾಗ ಆ ಉತ್ತರ ತಪ್ಪೆಂದು ಹೊಳೆಯಿತು. ದೂರದಲ್ಲಿ ಮಿಂಚುತ್ತಿತ್ತು, ಸ್ವಲ್ಪ ತಡೆದು ಗುಡುಗು ಕೇಳಿಸುತ್ತಿತ್ತು. ಮಿಂಚು ಗುಡುಗಿನ ಪೂರ್ವಗಾಮಿಯೇ, ಮುನ್ಸೂಚಕವೇ?

ಮೊದಲು ಬರುವುದೆಲ್ಲ ಒಂದೇ ಜಾತಿಯದಲ್ಲ

ಒಂದು ಘಟನೆಗೆ ಮೊದಲು ಇನ್ನೊಂದು ಕಾಣಿಸಿಕೊಂಡರೆ ಅವುಗಳ ನಡುವಿನ ಸಂಬಂಧ ಹಲವು ಬಗೆಯದಾಗಿರಬಹುದು.

ಮೊದಲನೆಯದು ಪೂರ್ವಗಾಮಿ. ಇಲ್ಲಿ ಮೊದಲಿನ ವಸ್ತುವೇ ಮಾರ್ಪಟ್ಟು ನಂತರದ್ದಾಗುತ್ತದೆ. ಕ್ಯಾರೆಟ್, ಪಪ್ಪಾಯಿ, ನುಗ್ಗೆಸೊಪ್ಪುಗಳಲ್ಲಿರುವ ಬೀಟಾ-ಕೆರೋಟಿನ್ ನಮ್ಮ ದೇಹದಲ್ಲಿ ಎ ಜೀವಸತ್ತ್ವವಾಗಿ ಬದಲಾಗುತ್ತದೆ. ಆದ್ದರಿಂದ ಅದು ಎ ಜೀವಸತ್ತ್ವದ ಪೂರ್ವಗಾಮಿ.

ಎರಡನೆಯದು ಮುನ್ಸೂಚಕ. ಇದು ನಂತರದ್ದಾಗಿ ಮಾರ್ಪಡುವುದಿಲ್ಲ; ಅದರ ಸುದ್ದಿಯನ್ನಷ್ಟೇ ತರುತ್ತದೆ. ಭೂಕಂಪವಾದಾಗ ಪಿ ಮತ್ತು ಎಸ್ ಎಂಬ ಎರಡು ಬಗೆಯ ಅಲೆಗಳು ಒಂದೇ ಮೂಲದಿಂದ ಹೊರಡುತ್ತವೆ. ಭೂಮಿಯ ಹೊರಪದರದಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆಯದು ಸುಮಾರು 3.5 ಕಿ.ಮೀ. 100 ಕಿ.ಮೀ. ದೂರದಲ್ಲಿರುವವರನ್ನು ಪಿ ಅಲೆ ಸುಮಾರು 17 ಸೆಕೆಂಡಿನಲ್ಲಿ ತಲಪಿದರೆ, ಹೆಚ್ಚು ಹಾನಿ ಮಾಡುವ ಎಸ್ ಅಲೆಗೆ ಸುಮಾರು 29 ಸೆಕೆಂಡು ಬೇಕು. ನಡುವಿನ 12 ಸೆಕೆಂಡುಗಳೇ ಲಾಭ. ಜಪಾನಿನಲ್ಲಿ 2007ರಿಂದ ಸಾರ್ವಜನಿಕರಿಗೆ ಎಚ್ಚರಿಕೆ ನೀಡುತ್ತಿರುವ ವ್ಯವಸ್ಥೆ ಈ ತತ್ತ್ವವನ್ನೇ ಅವಲಂಬಿಸಿದೆ. ಪಿ ಅಲೆಯು ಎಸ್ ಅಲೆಗೆ ಕಾರಣವಲ್ಲ. ಅದು ಬೇಗ ಬರುವ ಒಡಹುಟ್ಟು ಅಷ್ಟೆ.

ಮಿಂಚಿನ ವಿಷಯ ಇನ್ನೂ ಸ್ವಾರಸ್ಯಕರ. ವಿದ್ಯುತ್ ವಿಸರ್ಜನೆಯಿಂದ ಗಾಳಿ ಥಟ್ಟನೆ ಕಾದು ಹಿಗ್ಗುವುದರಿಂದ ಗುಡುಗು ಹುಟ್ಟುತ್ತದೆ. ನಾವು ಕಾಣುವ ಬೆಳಕೂ ಆ ವಿಸರ್ಜನೆಯದೇ. ಅಂದರೆ ವಿಸರ್ಜನೆ ಕಾರಣ, ಬೆಳಕು ಮುನ್ಸೂಚಕ. ಬೆಳಕು ಕ್ಷಣಮಾತ್ರದಲ್ಲಿ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಅಂದಾಜು ಸಿಗುತ್ತದೆ.

ಮುನ್ಸೂಚಕ ನಿಸರ್ಗದ್ದು. ಅದನ್ನು ಓದಿ ನಾವು ಹೇಳುವುದು ಮುನ್ಸೂಚನೆ. ಅದರಂತೆ ನಾವು ಕೈಗೊಳ್ಳುವ ಕ್ರಮ ಮುನ್ನೆಚ್ಚರಿಕೆ. ಇನ್ನು ಶಕುನ ಎಂದರೆ ಹಿಂದುಮುಂದಿನ ಸಂಬಂಧವನ್ನು ಪರೀಕ್ಷೆ ಮಾಡದೆ ನಂಬಿಕೊಂಡದ್ದು. ಸಂಸ್ಕೃತದಿಂದ ಬಂದ 'ನಿಮಿತ್ತ' ಪದಕ್ಕಂತೂ ಕಾರಣ, ಶಕುನ ಎರಡೂ ಅರ್ಥಗಳಿವೆ! ಆದರೆ ಆಯುರ್ವೇದದವರು ಈ ವಿಚಾರದಲ್ಲಿ ಎಚ್ಚರ ವಹಿಸಿದ್ದರು. ರೋಗದ ಕಾರಣಕ್ಕೆ ನಿದಾನ, ರೋಗ ಪೂರ್ತಿ ಪ್ರಕಟವಾಗುವ ಮುನ್ನ ತೋರುವ ಲಕ್ಷಣಕ್ಕೆ ಪೂರ್ವರೂಪ, ಪ್ರಕಟವಾದ ಲಕ್ಷಣಕ್ಕೆ ರೂಪ ಎಂದು ಬೇರೆ ಬೇರೆ ಹೆಸರಿಟ್ಟರು.

ಕ್ಯಾಸನೂರಿನ ಪಾಠ

ಪದಗಳ ಈ ವ್ಯತ್ಯಾಸ ಕೇವಲ ಪಂಡಿತರ ಚರ್ಚೆಯಲ್ಲ ಎಂಬುದಕ್ಕೆ ಸೊರಬ ತಾಲ್ಲೂಕೇ ಸಾಕ್ಷಿ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸತ್ತರೆ ಅದು ಹಳದಿ ಜ್ವರದ ಸೂಚನೆ. ಆ ಜ್ವರವೇ ಭಾರತಕ್ಕೆ ಬಂದಿತೇ ಎಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಈ ವೈರಸ್ಸಿಗೆ ಕ್ಯಾಸನೂರು ಕಾಡಿನ ಹೆಸರೇ ಬಂತು. ಜನರ ಬಾಯಲ್ಲಿ ಅದು 'ಮಂಗನ ಕಾಯಿಲೆ'. ಒಂದೇ ಮುನ್ಸೂಚಕ ಎರಡು ನಾಡುಗಳಲ್ಲಿ ಎರಡು ಬೇರೆ ರೋಗಗಳನ್ನು ಸೂಚಿಸಿತ್ತು!

ಹಾಗಾದರೆ ಮಂಗನ ಸಾವು ಮನುಷ್ಯನ ಜ್ವರಕ್ಕೆ ಕಾರಣವೇ, ಸೂಚಕವೇ? ಇಬ್ಬರಿಗೂ ಸೋಂಕು ತಗಲುವುದು ಉಣುಗಿನಿಂದ. ಆ ಮಟ್ಟಿಗೆ ಸಾವು ಸೂಚಕ. ಆದರೆ ಸೋಂಕಿದ ಮಂಗನ ರಕ್ತದಲ್ಲಿ ವೈರಸ್ ವಿಪುಲವಾಗಿ ಬೆಳೆಯುತ್ತದೆ. ಆ ರಕ್ತ ಹೀರಿದ ಉಣುಗುಗಳು ಮಂಗ ಸತ್ತಾಗ ಅದರ ಮೈಬಿಟ್ಟು ಅಲ್ಲೇ ನೆಲಕ್ಕಿಳಿಯುತ್ತವೆ. ಆ ಜಾಗವೇ ಅಪಾಯದ ತಾಣವಾಗುತ್ತದೆ. ಹಾಗಾಗಿ ಸಾವು ಕಾರಣದ ಸರಪಣಿಯಲ್ಲೂ ಒಂದು ಕೊಂಡಿ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವ ಮರಿ ಉಣುಗುಗಳು ಚಳಿಗಾಲದಿಂದ ಬೇಸಿಗೆಯವರೆಗೆ ಹೇರಳ. ಸೌದೆಗೆ, ತರಗೆಲೆಗೆ ಜನ ಕಾಡಿಗೆ ಹೋಗುವುದೂ ಆಗಲೇ. ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಬರುತ್ತದೆ. ರೋಗ ತಗಲಿದ ನೂರರಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆ ನಿರ್ದಿಷ್ಟ ಔಷಧವಿಲ್ಲ. ದಶಕಗಳ ಕಾಲ ಬಳಸಿದ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ ಮುನ್ಸೂಚಕದ ಬೆಲೆ ಇನ್ನೂ ಹೆಚ್ಚು.

ಸತ್ತ ಮಂಗನನ್ನು ಕಂಡು ಅದನ್ನು ಅಪಶಕುನವೆಂದು ಬಗೆದವರು ಶಾಂತಿ ಮಾಡಿಸಿ ಸುಮ್ಮನಾಗಬಹುದು. ಮಂಗನೇ ರೋಗದ ಮೂಲ ಕಾರಣವೆಂದು ತಿಳಿದವರು ಬದುಕಿರುವ ಮಂಗಗಳನ್ನು ಓಡಿಸಲು ಹೊರಡಬಹುದು. ಆಗ ಉಣುಗುಗಳೂ ಅವುಗಳೊಡನೆ ಬೇರೆ ಊರಿಗೆ ಹೋಗುತ್ತವೆ. ಮುನ್ಸೂಚಕವೆಂದು ಅರಿತವರು ಮಾತ್ರ ಶವವನ್ನು ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ, ಆ ಕಾಡಿಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಮೂವರೂ ಕಂಡದ್ದು ಒಂದನ್ನೇ. ಇಟ್ಟ ಹೆಸರು ಬೇರೆಯಾದ್ದರಿಂದ ಮಾಡಿದ ಕೆಲಸವೂ ಬೇರೆಯಾಯಿತು.

ಇನ್ನೊಂದು ಮಾತು. ಮಂಗಗಳು ಬೇರೆ ಕಾರಣಗಳಿಂದಲೂ ಸಾಯುತ್ತವೆ. ದಟ್ಟ ಕಾಡಿನಲ್ಲಿ ಸತ್ತ ಮಂಗ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಸೂಚಕ ಕಂಡ ಮಾತ್ರಕ್ಕೆ ರೋಗ ಖಚಿತವಲ್ಲ. ಕಾಣದ ಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ.

ತರಗತಿಯಲ್ಲಿ

'ಇದು ಅದಕ್ಕೆ ಮುಂಚೆ ಬಂತು' ಎಂದು ವಿದ್ಯಾರ್ಥಿಗಳು ಹೇಳಿದಾಗ ಮೂರು ಪ್ರಶ್ನೆ ಕೇಳಿರಿ. ಮೊದಲಿನದೇ ಬದಲಾಗಿ ನಂತರದ್ದಾಯಿತೇ? ಎರಡಕ್ಕೂ ಒಂದೇ ಮೂಲವಿದೆಯೇ? ಮೊದಲಿನದು ಬಂದೂ ನಂತರದ್ದು ಬಾರದ ಸಂದರ್ಭಗಳನ್ನು ಎಣಿಸಿದ್ದೀರಾ? ಮೊದಲ ಪ್ರಶ್ನೆಗೆ ಹೌದೆಂದರೆ ಪೂರ್ವಗಾಮಿ, ಎರಡನೆಯದಕ್ಕೆ ಹೌದೆಂದರೆ ಮುನ್ಸೂಚಕ. ಮೂರನೆಯದನ್ನು ಕೇಳಿಕೊಳ್ಳದೆಯೇ ನಂಬಿದ್ದರೆ ಅದು ಶಕುನ. ಇರುವೆ ಮೊಟ್ಟೆ ಹೊತ್ತು ಸಾಗುವುದು, ಹಲ್ಲಿ ಲೊಚಗುಟ್ಟುವುದು, ವಾಯುಭಾರಮಾಪಕದ ಪಾದರಸ ಇಳಿಯುವುದು - ಇವನ್ನು ಒಂದು ಮಳೆಗಾಲವಿಡೀ ಪುಸ್ತಕದಲ್ಲಿ ಗುರುತು ಹಾಕಿಸಿರಿ. ಯಾವುದಕ್ಕೆ ಯಾವ ಪದ ಸಲ್ಲುತ್ತದೆಂದು ಮಕ್ಕಳೇ ಹೇಳಲಿ.

ಶಿಕಾರಿಪುರದ ಆ ಶಿಕ್ಷಕಿಗೆ ನಾನು ಅಂದೇ ಕೊಡಬೇಕಿದ್ದ ಉತ್ತರ ಇದು: ಎರಡೂ ಒಂದೇ ಅಲ್ಲ.