ಗರಗಸವೂ ವಿವೇಕವೂ

ಮೇ 1ರಂದು ಧರ್ಮಸಭೆಯು ಕಾರ್ಮಿಕರಾದ ಸಂತ ಜೋಸೆಫರ ಸ್ಮರಣೆಯನ್ನಾಚರಿಸುತ್ತದೆ. ಪೋಪ್ 12ನೆಯ ಪಯಸ್ ಅವರು 1955ರಲ್ಲಿ ಈ ಹಬ್ಬವನ್ನು ಸ್ಥಾಪಿಸಿದರು. ನಜರೇತಿನ ಆ ಬಡಗಿಯ ಗರಗಸವು ಕೈ ನಿಂತೊಡನೆ ತಾನೂ ನಿಲ್ಲುತ್ತಿತ್ತು. ನಮ್ಮ ಮರದ ಮಿಲ್ಲುಗಳ ಗರಗಸ ಹಾಗಲ್ಲ. ಅಲ್ಲಿ ದುಡಿಯುವವರ ಬೆರಳು, ಕೈ, ಕೆಲವೊಮ್ಮೆ ಪ್ರಾಣವೇ ಹೋಗುವುದು ಮರ ಕೊಯ್ಯುವಾಗ ಮಾತ್ರವಲ್ಲ. ಯಂತ್ರವನ್ನು ಶುಚಿಗೊಳಿಸುವಾಗಲೂ ಹೌದು.

ಬ್ಯಾಂಡ್ ಸಾ ಯಂತ್ರದಲ್ಲಿ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಯು ಮೇಲೊಂದು, ಕೆಳಗೊಂದು ಇರುವ ಭಾರವಾದ ಚಕ್ರಗಳ ಮೇಲೆ ಓಡುತ್ತದೆ. ಕೆಳಚಕ್ರದ ಸುತ್ತ ಮರದ ಹುಡಿ ತುಂಬುತ್ತದೆ. ಮರದ ಅಂಟು ಚಕ್ರಕ್ಕೂ ಪಟ್ಟಿಗೂ ಹತ್ತಿಕೊಳ್ಳುತ್ತದೆ. ಅದನ್ನು ತೆಗೆಯದೆ ಕೆಲಸ ಸಾಗದು. ಸ್ವಿಚ್ ಆರಿಸಿದರೂ ಚಕ್ರವು ತನ್ನ ಭಾರದಿಂದಲೇ ಬಹಳ ಹೊತ್ತು ತಿರುಗುತ್ತಿರುತ್ತದೆ. ಮೋಟಾರಿನ ಸದ್ದಡಗಿತೆಂದು ಕೈಯಿಟ್ಟವನು ಮೋಸಹೋಗುತ್ತಾನೆ.

ಕರೆಂಟು ಹೋದಾಗ ಇನ್ನೊಂದು ಅಪಾಯವಿದೆ. ಬಿಡುವು ಸಿಕ್ಕಿತೆಂದು ಹುಡಿ ತೆಗೆಯಲು ಇಳಿಯುತ್ತಾರೆ. ಸ್ವಿಚ್ ಹಾಕಿದಂತೆಯೇ ಇರುತ್ತದೆ. ಕರೆಂಟು ಬಂದಾಗ ಮೋಟಾರು ತಾನಾಗಿ ತಿರುಗದಂತೆ ತಡೆಯುವ ವ್ಯವಸ್ಥೆ ಒಳ್ಳೆಯ ಸ್ಟಾರ್ಟರಿನಲ್ಲಿರುತ್ತದೆ. ಅದು ಕೆಟ್ಟಿದ್ದರೆ, ಅಥವಾ ಪದೇ ಪದೇ ಒತ್ತುವ ತೊಂದರೆ ಬೇಡವೆಂದು ಯಾರಾದರೂ ಅದನ್ನು ಕಟ್ಟಿಹಾಕಿದ್ದರೆ, ಮರಳಿ ಬಂದ ಕರೆಂಟು ಚಕ್ರದ ಬಳಿ ಮನುಷ್ಯನಿರುವನೇ ಎಂದು ಕೇಳುವುದಿಲ್ಲ.

ಇಂಥ ದುರಂತ ನಡೆದ ಮನೆಯಲ್ಲಿ “ದೇವರ ಚಿತ್ತ” ಎಂಬ ಮಾತು ಕೇಳಿಬರುತ್ತದೆ. ದುಃಖಿತರ ಸಾಂತ್ವನಕ್ಕೆ ನಾವು ಅಡ್ಡಬರುವುದಿಲ್ಲ. ಆದರೆ ಯಂತ್ರ ನಿಲ್ಲಿಸಿದರೆ ಅರ್ಧ ಗಂಟೆಯ ಕೂಲಿ ನಷ್ಟವೆಂದು ನಿರ್ಧರಿಸಿದ್ದು ಮನುಷ್ಯನ ಚಿತ್ತ. ದೇವಾಲಯದ ಶಿಖರದಿಂದ ಧುಮುಕು, ದೂತರು ಕಾಪಾಡುವರು ಎಂದು ಸೈತಾನನು ಪ್ರೇರೇಪಿಸಿದಾಗ ಪ್ರಭು ಯೇಸು ಒಪ್ಪಲಿಲ್ಲ. ಅದು ದೇವರನ್ನು ಪರೀಕ್ಷಿಸುವುದೆಂದರು. ಗೋಡೆಯ ಮೇಲೆ ಪವಿತ್ರ ಹೃದಯದ ಪಟವಿರಿಸಿ, ಕೆಳಗೆ ತಿರುಗುವ ಚಕ್ರಕ್ಕೆ ಕೈಚಾಚುವುದೂ ಅಂಥದೇ. ಸಂತ ಥಾಮಸ್ ಅಕ್ವಿನಾಸರು ನೈತಿಕ ಸದ್ಗುಣಗಳಿಗೆಲ್ಲ ದಾರಿ ತೋರುವ ಸ್ಥಾನವನ್ನು ವಿವೇಕಕ್ಕೆ ಕೊಟ್ಟರು. ವಿವೇಕವಿಲ್ಲದ ಧೈರ್ಯವು ಧೈರ್ಯವೇ ಅಲ್ಲ.

ಆದರೆ ಹೊಣೆಯನ್ನು ಕೂಲಿಯವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಾಲೀಕರು ಅವಸರಪಡಿಸುವಲ್ಲಿ ಅವನ ವಿವೇಕಕ್ಕೆ ಎಡೆಯೆಲ್ಲಿ? ಚಲಿಸುತ್ತಿರುವ ಚಾಲಕ ಯಂತ್ರಭಾಗಗಳನ್ನು ಶುಚಿಗೊಳಿಸಲು ಸ್ತ್ರೀಯರನ್ನೂ 18 ವರ್ಷ ತುಂಬದವರನ್ನೂ ಬಿಡಕೂಡದೆಂದು 1948ರ ಕಾರ್ಖಾನೆ ಕಾಯಿದೆಯು ತನ್ನ 22ನೆಯ ಕಲಮಿನಲ್ಲಿ ವಿಧಿಸಿತ್ತು. ಪೋಪ್ 2ನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಹಿರಿಮೆಯಿತ್ತು, ದೇಹಕ್ಕೆ ಹಾನಿ ತರದ ಕೆಲಸದ ಸ್ಥಳವು ಕಾರ್ಮಿಕನ ಹಕ್ಕೆಂದು ಬೋಧಿಸಿದರು. ಅದು ಮಾಲೀಕನ ಔದಾರ್ಯವಲ್ಲ.

ಮಾಡಬೇಕಾದದ್ದು ಸರಳ. ಮೈನ್ ಸ್ವಿಚ್ ಆರಿಸಿ ಬೀಗ ಹಾಕಬೇಕು. ಬೀಗದ ಕೈ ಶುಚಿಗೊಳಿಸುವವನ ಜೇಬಿನಲ್ಲೇ ಇರಬೇಕು. ಚಕ್ರ ಪೂರ್ತಿ ನಿಂತದ್ದನ್ನು ಕಣ್ಣಾರೆ ಕಾಣಬೇಕು. ಹುಡಿ ತೆಗೆಯಲು ಕೈಯಲ್ಲ, ಉದ್ದ ಹಿಡಿಯ ಬ್ರಷ್ ಬೇಕು. ಕಳಚಿದ ರಕ್ಷಣಾ ಕವಚವನ್ನು ಮತ್ತೆ ಜೋಡಿಸದೆ ಯಂತ್ರ ಹೊರಡಬಾರದು. ಅಮೆರಿಕದಲ್ಲಿ 1989ರಲ್ಲಿ ಬೀಗ ಹಾಕುವ ಈ ಕ್ರಮವನ್ನೇ ನಿಯಮವಾಗಿಸಿದರು. ಒಂದು ಬೀಗದ ಬೆಲೆಗೆ ಹೆದರುವಷ್ಟು ಬಡತನ ಯಾವ ಮಿಲ್ಲಿಗೂ ಇಲ್ಲ.

ಮಿಲ್ಲುಗಳ ಯಜಮಾನರಾದ ನಮ್ಮ ಬಾಂಧವರು ಈ ವಾರವೇ ಆ ಬೀಗವನ್ನು ತರಲಿ. ಮಿಲ್ಲಿಗೆ ಹೊರಟ ಮಗನನ್ನು, ಗಂಡನನ್ನು “ಬೀಗದ ಕೈ ಯಾರ ಹತ್ತಿರ ಇರುತ್ತದೆ?” ಎಂದು ಮನೆಯವರು ಕೇಳಲಿ. ಸಂಜೆಯ ಜಪಸರಕ್ಕೆ ಎಲ್ಲರೂ ಎರಡೂ ಕೈಗಳನ್ನು ಜೋಡಿಸುವಂತಾಗಲಿ.